ಗಂಡನಿಗೆ ಎಂದು ಬರೆದ ಮಾತ್ರೆ

“ಒಂದೇ ರೋಗಕ್ಕೆ ಇನ್ನೆಷ್ಟು ಸಲ ಮಾತ್ರೆ ಕೊಡೋದು?” ಗೋಡೆಗೆ ಮುಖ ಮಾಡಿ ಕೈ ತೊಳೆಯುತ್ತ ನರ್ಸಮ್ಮ ಕೇಳಿದರು.

ಹಿಂದೆ ಬೆಂಚಿನ ಮೇಲೆ ಕೂತಿದ್ದವಳು ಹೋಟೆಲಿನ ಹಾಸುಬಟ್ಟೆಗಳಿಗೆ ಇಸ್ತ್ರಿ ಹಾಕುವವಳು. ಅದೇ ಉರಿ, ಅದೇ ನಾತದ ಬಿಳಿಸೆರಗು, ವರ್ಷದಲ್ಲಿ ಮೂರನೇ ಸಲ.

“ನಾನು ಒಂದೂ ಬಿಡದೆ ನುಂಗಿದೀನಕ್ಕಾ.”

“ನೀನು ನುಂಗಿದೀಯ. ನಿನ್ನ ಯಜಮಾನ? ಇದು ಕಣ್ಣಿಗೆ ಕಾಣದ ಜೀವಿ, ಕೂಡಿದಾಗ ಒಬ್ಬರಿಂದ ಒಬ್ಬರಿಗೆ ದಾಟುತ್ತೆ. ಗಂಡಸಿಗೆ ಎಷ್ಟೋ ಸಲ ಏನೂ ಅನ್ನಿಸಲ್ಲ, ಆರಾಮಾಗಿ ಹೊತ್ತುಕೊಂಡು ತಿರುಗ್ತಾನೆ. ನಿನಗೆ ಒಳಗೆಲ್ಲ ಕೆಂಪಾಗಿ ಬಾತಿದೆ. ಹೀಗಿದ್ದಾಗ ಎಚ್‌ಐವಿ ನುಗ್ಗೋದೂ ಸುಲಭ. ಸದ್ಯ ನಿನ್ನ ರಕ್ತದಲ್ಲಿ ಅದಿಲ್ಲ. ಅವರ ರಕ್ತ ನೋಡಬೇಕು.” ಅವನ ಪಾಲಿನ ಮಾತ್ರೆ ಪಟ್ಟಿಯ ಬೆನ್ನಿಗೆ ಎಂದಿನಂತೆ ಕೆಂಪು ಶಾಯಿಯಲ್ಲಿ ‘ಗಂಡನಿಗೆ’ ಎಂದು ಬರೆದುಕೊಟ್ಟರು. ಭೇದಿಗೂ ಕೊಡುವ ಮಾತ್ರೆಯೇ ಅದು.

ಆ ಗಂಡ ಔಷಧಿ ಅಂಗಡಿಯ ಕೌಂಟರಿನವನು. ಬೀದಿಗೆಲ್ಲ ಅರೆ ಡಾಕ್ಟರು. ಯಾರ ಮಗು ಕೆಮ್ಮಿದರೂ ನಾಲಿಗೆ ಚಾಚಿಸಿ ನೋಡುವ ಮಹಾನುಭಾವ. ಹಿಂದಿನ ಎರಡು ಸಲವೂ “ಅಂಗಡೀಲಿ ನುಂಗ್ತೀನಿ ಬಿಡು” ಎಂದು ಪಟ್ಟಿಯನ್ನು ಜೇಬಿಗಿಳಿಸಿದ್ದ. ಔಷಧಿಯವನನ್ನು ಔಷಧಿ ನುಂಗಿದೆಯಾ ಎಂದು ಕೇಳುವುದುಂಟೆ?

ಅವಳು ನೇರ ಅಂಗಡಿಗೇ ನಡೆದಳು. ಭೇದಿಯಿಂದ ಬಸವಳಿದ ಮುದುಕನೊಬ್ಬನಿಗೆ ಗಂಡ ಪಟ್ಟಿಯೊಂದನ್ನು ಕೊಡುತ್ತಿದ್ದ.

“ಪೂರ್ತಿ ಮುಗಿಸಬೇಕು ಅಜ್ಜ. ಅರ್ಧಕ್ಕೆ ಬಿಡೋರನ್ನ ಕಂಡ್ರೆ ನನಗಾಗಲ್ಲ.”

ಮುದುಕ ಪಟ್ಟಿಯನ್ನು ತಿರುಗಿಸಿ ಕಣ್ಣಿನ ಹತ್ತಿರ ಹಿಡಿದ. “ಗಂಡನಿಗೆ ಅಂತ ಬರೆದಿದೆಯಲ್ಲಪ್ಪಾ. ನನ್ನವಳು ಹೋಗಿ ಹತ್ತು ವರ್ಷವಾಯ್ತು. ಆದರೂ ತಗೋಬಹುದಾ?”

ಅರೆ ಡಾಕ್ಟರು ಪಟ್ಟಿಯನ್ನು ಕಿತ್ತುಕೊಂಡು ಬೇರೆಯದನ್ನು ಕೊಟ್ಟು ಕಳಿಸಿದರು. ತಲೆ ಎತ್ತಿದರೆ ಎದುರಿಗೆ ಹೆಂಡತಿ.

“ನನಗೇನೂ ಆಗಿಲ್ಲ ಕಣೇ,” ಎಂದ. “ನುಂಗಿದ್ರೆ ತಪ್ಪು ಒಪ್ಪಿಕೊಂಡ ಹಾಗಲ್ವಾ?”

“ತಪ್ಪಿನ ಲೆಕ್ಕ ಕೇಳೋಕೆ ಬಂದಿಲ್ಲ. ನಿಮ್ಮಿಂದ ಮೂರು ಸಲ ಬಂತು. ನಾಲ್ಕನೇ ಸಲ ಇನ್ನೇನು ಬರುತ್ತೋ. ಇದನ್ನ ನುಂಗಿ, ರಕ್ತ ಕೊಡೋಕೆ ಬನ್ನಿ.” ಹೊಸ ಪಟ್ಟಿಯನ್ನು ಕೌಂಟರಿನ ಮೇಲಿಟ್ಟಳು.

ಅವನು ಅದನ್ನು ಬೆರಳ ತುದಿಯಿಂದ ಅವಳತ್ತಲೇ ತಳ್ಳಿದ. ದನಿ ಮೆತ್ತಗಾಯಿತು. “ಆ ನರ್ಸು ಔಷಧಿಗೆ ಇಲ್ಲಿಗೇ ಬರೋಳು, ನನ್ನ ಮರ್ಯಾದೆ ಏನಾಗಬೇಕು? ನಮ್ಮ ಯಜಮಾನ್ರು ನುಂಗಿದ್ರು, ರಕ್ತಾನೂ ಬೇರೆ ಕಡೆ ತೋರಿಸಿದ್ರು, ಎಲ್ಲಾ ಸರಿಯಿದೆ ಅಂತ ಹೇಳಿಬಿಡು. ನನಗೋಸ್ಕರ ಇಷ್ಟು ಮಾಡು.”

“ಹೇಳಲ್ಲ,” ಎಂದಳು. “ನೀವು ನುಂಗಿ ರಕ್ತ ಕೊಡೋ ತನಕ ನನ್ನ ಹಾಸಿಗೆಗೂ ಬರಬೇಡಿ.”