ರೇಟು ಆಮೇಲೆ

ತಕ್ಕಡಿಯ ಮೇಲೆ ಯಾರೋ ಚೀಲ ಇಳಿಸಿದರು, ನೆಲ ಅದುರಿತು, ಅಡಿಕೆಯ ಒಣ ವಾಸನೆ ಮೂಗಿಗೆ ಬಂತು, ನೆಲ್ಯಾಡಿಯ ಈ ಅಂಗಡಿಯ ಮೆಟ್ಟಿಲು ಇನ್ನು ಹತ್ತುವುದಿಲ್ಲ ಎಂದಿದ್ದೆನಲ್ಲ, ಹತ್ತಿದ್ದೇನೆ, ಅಂಗಡಿಯ ಯಜಮಾನ ಕಿಟ್ಟಣ್ಣನೇ ಫೋನ್ ಮಾಡಿದ್ದು, ಸ್ವಲ್ಪ ಬಂದು ಹೋಗು ಸೋನಾ, ಇಲ್ಲಿ ದೊಡ್ಡ ರಗಳೆ ಉಂಟು — ಇರದೆ ಏನು, ನಾನು ರಾತ್ರಿಯೆಲ್ಲ ಕಣ್ಣು ಕೆಂಪು ಮಾಡಿಕೊಂಡು ಬರೆದ ಅಂಗಡಿ ಲೆಕ್ಕದ ಪ್ರೋಗ್ರಾಂ ಬಿಟ್ಟು ಪುಕ್ಕಟೆಯದ್ದು ಹಾಕಿಸಿಕೊಂಡರಲ್ಲ, ಅವರ ಅಕ್ಕನ ಮಗ ದಿಶಾಂತ್ ಯಾವುದೋ ದೊಡ್ಡ ಕಂಪನಿಯದ್ದನ್ನು ಇಳಿಸಿಕೊಟ್ಟನಂತೆ, ವರ್ಷ ವರ್ಷ ಅವಳಿಗೆ ಎಂತಕ್ಕೆ ಕೊಡುದು ಮಾವ, ಇದು ಫ್ರೀ ಎಂದನಂತೆ, ಅದನ್ನು ನೋಡಿ ಕಡಬದ, ಪೆರಾಬೆಯ ಅಂಗಡಿಯವರೂ ನನ್ನ ಫೋನ್ ಎತ್ತುವುದು ಬಿಟ್ಟರು, ಈ ಅಂಗಡಿ ವಾಪಸು ಬಾರದಿದ್ದರೆ ನಾನು ಈ ಕೆಲಸಕ್ಕೇ ಬಾಗಿಲು ಹಾಕಬೇಕು, ಹಾಕುವುದಿಲ್ಲ. ಇಲ್ಲಿ ಅಡಿಕೆ ತಂದವರು ತೂಕ ಮಾಡಿಸಿ ಇಟ್ಟು ಹೋಗುತ್ತಾರೆ, ರೇಟು ಆಮೇಲೆ, ತಮಗೆ ಬೇಕಾದ ದಿನ ಬಂದು ಇವತ್ತು ರೇಟು ಮಾಡಿ ಕಿಟ್ಟಣ್ಣ ಎನ್ನುತ್ತಾರೆ, ಅಂದಿನ ರೇಟು ಕೊಡಲೇಬೇಕು, ಅದಕ್ಕೇ ನನ್ನದರಲ್ಲಿ ರೇಟಿನ ಜಾಗ ಖಾಲಿ ಬಿಡಬಹುದು, ಪುಕ್ಕಟೆಯದ್ದಕ್ಕೆ ಖಾಲಿ ಎಂದರೆ ಆಗದು, ಕೆಂಪಗಾಗಿ ಹಟ ಹಿಡಿಯುತ್ತದೆ, ದಿಶಾಂತ್ ಆ ದಿನದ ರೇಟು ಹಾಕಿ ಒತ್ತಿದ, ಇಟ್ಟು ಹೋದವರ ಫೋನಿಗೆಲ್ಲ ನಿಮ್ಮ ಅಡಿಕೆ ಮಾರಾಟವಾಗಿದೆ, ಧನ್ಯವಾದಗಳು ಎಂದು ಮೆಸೇಜು ಹೋಯಿತು. ಧನ್ಯವಾದವಂತೆ. ಮಗಳ ಮದುವೆಗೆಂದು ಅಡಿಕೆ ಇಟ್ಟಿದ್ದ ಮಲಯಾಳಿ ವರ್ಗೀಸ್ ಚೇಟ್ಟ ಬೆಳಿಗ್ಗೆಯಿಂದ ಬೆಂಚು ಬಿಟ್ಟು ಎದ್ದಿಲ್ಲ, ನನ್ನ ಅಡಿಕೆ ಮಾರ್ಲಿಕ್ಕೆ ನಿಮಗೆ ಹೇಳಿದ್ದು ಯಾರು ಮಾರಾಯ್ರೆ, ಪಕ್ಕದಲ್ಲಿ ಅಡಿಕೆ ಇಟ್ಟು ಹೋಗಿದ್ದ ಇನ್ನಿಬ್ಬರು ಕೈಕಟ್ಟಿ ಕೂತಿದ್ದಾರೆ.

ನನ್ನ ಹಳೆಯದನ್ನೇ ತೆರೆದು ಎಲ್ಲರ ತೂಕ ಹಾಕಿದೆ, ರೇಟು ಖಾಲಿ ಬಿಟ್ಟೆ, ಮಾರಾಟ ಆಗಿಲ್ಲ ಎಂದು ಚೇಟ್ಟನಿಗೆ ಪರದೆ ತೋರಿಸಿದೆ, ಆಗ ಅವರು ಒಂದು ಲೋಟ ನೀರು ಕುಡಿದರು, ಕಿಟ್ಟಣ್ಣನಿಗೂ ಜೀವ ಬಂತು, ಇನ್ನು ನಿನ್ನದೇ ಇರಲಿ ಸೋನಾ, ಆದ್ರೆ ಆ ಕಂಪನಿಯವರು ಫ್ರೀ ಕೊಡುವಾಗ ನೀನು ಎಂತಕ್ಕೆ ದುಡ್ಡು ಕೇಳುದು — ದಿಶಾಂತ್ ಬೇರೆ, ನಿಮ್ಮದೂ ಫ್ರೀ ಸಾಮಾನಿಂದಲೇ ಮಾಡಿದ್ದಲ್ವಾ ಸೋನಕ್ಕ. ಹೌದು ಮಾರಾಯ, ಬರೆಯುವ ಭಾಷೆ ಫ್ರೀ, ಲೆಕ್ಕ ತುಂಬಿಡುವ ಡೇಟಾಬೇಸ್ ಫ್ರೀ, ಮುಖ ಕಾಣದ ಯಾರ್ಯಾರೋ ಮಾಡಿ ಕೊಟ್ಟದ್ದು, ಅವರಿಗೆ ಕೈ ಮುಗಿಯುತ್ತೇನೆ, ಮಳೆಯೂ ಫ್ರೀ, ಹಾಗೆಂದು ನಿನ್ನ ಮಾವನಿಗೆ ಯಾರಾದರೂ ಅಡಿಕೆ ಫ್ರೀ ಕೊಟ್ಟಿದ್ದಾರಾ, ಸಿಟ್ಟು ಬರುತ್ತಿದೆ, ಬರಲಿ, ಇದನ್ನು ಬಿಟ್ಟು ಬಿ.ಎಡ್. ಮಾಡು ಎಂದು ಅಮ್ಮ ದಿನಾ ಹೇಳುತ್ತಾಳೆ, ಮಾಡುವುದಿಲ್ಲ, ಕಿಟ್ಟಣ್ಣನ ಕೈ ಮೇಜಿನ ಡ್ರಾಯರಿಗೆ ಹೋಯಿತು, ಈಗ ಒಂದು ನೋಟು ತೆಗೆದು ಪೆಟ್ರೋಲಿಗೆ ಇಟ್ಕೊ ಎನ್ನುತ್ತಾರೆ, ಪ್ರೀತಿಯಿಂದಲೇ ಎನ್ನುತ್ತಾರೆ, ಅದೇ ನನಗೆ ತಡೆಯಲಾಗದು — ಬೇಡ ಕಿಟ್ಟಣ್ಣ, ಪ್ರೋಗ್ರಾಂ ಇಲ್ಲಿ ಇಟ್ಟು ಹೋಗ್ತೇನೆ, ರೇಟು ಆಮೇಲೆ, ನನಗೆ ಬೇಕಾದ ದಿನ ಬಂದು ಹೇಳ್ತೇನೆ, ಹೇಳಿದ್ದು ನೀವು ಕೊಡ್ಬೇಕು. ಹೇಳಿಬಿಟ್ಟೆ, ಮಾತು ಹಿಂದೆ ತೆಗೆಯುವುದಿಲ್ಲ, ದಿಶಾಂತ್ ನಗಲು ಹೋಗಿ ಬಾಯಿ ಮುಚ್ಚಿಕೊಂಡ, ಇದೆಲ್ಲ ನಮ್ಮಲ್ಲಿ ಇಲ್ಲ ಎನ್ನಲಿ ನೋಡೋಣ ಕಿಟ್ಟಣ್ಣ, ಇಟ್ಟು ಹೋದವರು ಬೆಂಚಿನಲ್ಲಿ ಸಾಲಾಗಿ ಕೂತಿರುವಾಗ, ಅವರ ಮುಖ ನೋಡಿಕೊಂಡು ಎನ್ನಲಿ, ಚೇಟ್ಟ ನೋಡುತ್ತಿದ್ದಾರೆ, ಮೂವರೂ ನೋಡುತ್ತಿದ್ದಾರೆ, ಆ ಕೈ ಡ್ರಾಯರು ಎಳೆಯುವುದೂ ಇಲ್ಲ, ದೂಡುವುದೂ ಇಲ್ಲ, ನಾನು ಕಣ್ಣು ತೆಗೆಯುವುದಿಲ್ಲ, ಆ ಕೈ, ಅರ್ಧ ತೆರೆದ ಡ್ರಾಯರಿನ ಮೇಲೆ ಆ ಕೈ —