ಪಾಲಾಕ್ಷಪ್ಪನ ಎಡಗೈ

ಹಳ್ಳಿಮೈಸೂರಿನ ಬೆಲ್ಲದ ಮಂಡಿ ಪಾಲಾಕ್ಷಪ್ಪನವರು ಆಪರೇಷನ್ ಟೇಬಲ್ಲಿನಿಂದ ಎದ್ದು ಬಂದದ್ದು ಹತ್ತು ವರ್ಷದ ಹಿಂದಿನ ಮಾತು. ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿದೆ, ಕರೆಂಟಿನಿಂದ ಕೆರೆದು ತೆಗೆಯಬೇಕು, ಮೈಮೇಲೆ ಲೋಹವಿದ್ದರೆ ಸುಟ್ಟೀತು, ಕೊರಳಿನ ಕರಡಿಗೆ ಬಿಚ್ಚಿ ಎಂದಿದ್ದರು ಮೈಸೂರಿನ ಡಾಕ್ಟರು. ದೀಕ್ಷೆಯಾದ ದಿನದಿಂದ ಮೈಬಿಟ್ಟು ಅಗಲದ ಇಷ್ಟಲಿಂಗ ಆ ಬೆಳ್ಳಿ ಕರಡಿಗೆಯೊಳಗಿತ್ತು. ಅವರು ಪಂಚೆ ಸುತ್ತಿಕೊಂಡು ಸೀದಾ ಬಸ್ ಹತ್ತಿದ್ದರು. ದಾರಿಯಲ್ಲಿ ಮೂರು ಕಡೆ ಬಸ್ ನಿಲ್ಲಿಸಬೇಕಾಯಿತು ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಈಗ 2007. ಹೋದ ವಾರ ಮೂತ್ರ ಕಟ್ಟಿಯೇ ಹೋಯಿತು. ನಳಿಕೆ ಹಾಕಿಸಿ ಹಾಸನಕ್ಕೆ ಕರೆತಂದವಳು ಮಗಳು ಶಿವರಂಜನಿ. ಹೊಳೆನರಸೀಪುರದ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ಹಾಕಿದ ಬೀಗವನ್ನು ಎರಡು ಸಲ ಎಳೆದು ನೋಡುವ ಸ್ವಭಾವ. ಇನ್ನೂ ಮುಂದೂಡಿದರೆ ಮೂತ್ರಪಿಂಡಗಳೇ ಕೆಡುತ್ತವೆ ಎಂದಿದ್ದರು ಡಾಕ್ಟರ್ ಜಯಂತ್. ಲೇಸರ್‌ನಲ್ಲಿ ಬೆಳಿಗ್ಗೆ ಮಾಡಿ ಸಂಜೆ ಮನೆಗೆ ಕಳಿಸುತ್ತೇನೆ ಎಂದೂ ಹೇಳಿದ್ದರು. ಅಪ್ಪ ಈ ಸಲ ಎದ್ದು ಹೋಗದಿದ್ದರೆ ಸಾಕಾಗಿತ್ತು ಅವಳಿಗೆ.

ಸಿಸ್ಟರ್ ಲಕ್ಷ್ಮಿದೇವಮ್ಮ ಹಸಿರು ಗೌನು ಹಿಡಿದು ಬಂದರು. “ತಾತ, ಉಂಗ್ರ, ಉಡ್ದಾರ, ಕತ್ತಲ್ಲಿರೋದು ಎಲ್ಲಾ ಬಿಚ್ಚಿ ಮಗಳ ಕೈಗೆ ಕೊಡಿ.”

“ಉಂಗ್ರ ತಗೋ, ಉಡ್ದಾರನೂ ತಗೋ. ಇದ್ನ ಕೊಡಕಿಲ್ಲ ಕಣವ್ವ.”

“ಎಲ್ರೂ ಕೊಡ್ತಾರೆ. ಒಂದ್ಗಂಟೆ ತಾನೆ?”

“ಒಂದ್ಗಂಟೆ ಉಸ್ರು ಬಿಚ್ಚಿಡು ಅಂದ್ರೆ ನೀನು ಇಡ್ತೀಯಾ?” ಪಾಲಾಕ್ಷಪ್ಪ ಮಂಚದಿಂದ ಕಾಲು ಇಳಿಬಿಟ್ಟೇಬಿಟ್ಟರು. “ರಂಜೀ, ನನ್ ಪಂಚೆ ಎಲ್ಲವ್ವ? ಈ ಉಚ್ಚೆ ಚೀಲ ಇಡ್ಕೊಂಡೇ ಊರಿಗೆ ಓಯ್ತೀನಿ.”

“ಓದಿದೋರು, ನೀವಾದ್ರೂ ಹೇಳಿ ಮೇಡಂ.”

ಶಿವರಂಜನಿ ಅಪ್ಪನನ್ನು ಒಪ್ಪಿಸಲೆಂದೇ ಬಾಯಿ ತೆರೆದಳು. ಅಪ್ಪ ಎರಡೂ ಕೈಯಿಂದ ಕರಡಿಗೆಯನ್ನು ಎದೆಗೆ ಅವುಚಿ ಹಿಡಿದಿದ್ದರು. ಬಂದ ಮಾತೇ ಬೇರೆ.

“ನಮ್ಮಪ್ಪ ಬಿಚ್ಚಲ್ಲ. ಡಾಕ್ಟರನ್ನ ಕರೀರಿ.”

“ಅವ್ರು ಕೈ ತೊಳ್ಕೊಂಡು ನಿಂತವ್ರೆ!”

“ಇನ್ನೊಂದ್ಸಲ ತೊಳ್ಕೊಳ್ಳಲಿ.”

ತನ್ನ ದನಿಗೆ ತಾನೇ ಬೆಚ್ಚಿದಳು. ಆದರೂ ಆಡಿದ್ದನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಜಯಂತ್ ಹುಬ್ಬು ಗಂಟಿಕ್ಕಿಕೊಂಡೇ ಬಂದರು. “ಲೇಸರ್‌ನಲ್ಲಿ ಮೈಗೆ ಕರೆಂಟ್ ಹರಿಸಲ್ಲ ಅಂದಿದ್ರಿ. ಮತ್ತೆ ತಕರಾರು ಯಾವುದಕ್ಕೆ?” ಎಂದಳು ಶಿವರಂಜನಿ.

“ರಕ್ತ ನಿಲ್ಲದಿದ್ರೆ ಕರೆಂಟ್ ಬೇಕಾಗಬಹುದು ಮೇಡಂ. ಬೆಳ್ಳಿ ಬೇಡ.”

“ಒಳಗಿರೋದು ಕಲ್ಲು. ಕಲ್ಲಿಗೆ?”

ಡಾಕ್ಟರು ಬಗ್ಗಿ ಕರಡಿಗೆಯನ್ನು ನೋಡಿದರು. “ಕಲ್ಲಿಗೇನೂ ಇಲ್ಲ. ಅಂಗೈಯಲ್ಲಿ ಹಿಡ್ಕೊಳ್ಳಲಿ. ನನ್ನ ಕೆಲಸ ಇರೋದು ಸೊಂಟದ ಕೆಳಗೆ.”

“ಬೆಳ್ಳಿ ತಾನೆ ಬ್ಯಾಡ?” ಪಾಲಾಕ್ಷಪ್ಪ ಗುಡುಗಿದರು. “ಆ ಮೈಸೂರೋನು ಅಂಗಂತ ಬೊಗಳಬಾರ್ದಿತ್ತಾ? ಅತ್ತು ವರ್ಸ ಉಚ್ಚೆಗೆ ಅಂತ ಬೇಲಿಬೇಲಿ ಸುತ್ತಿಸ್ಬುಟ್ಟ!”

ಕರಡಿಗೆ ತೆರೆದು ಲಿಂಗವನ್ನು ಎಡಗೈಗಿಳಿಸಿಕೊಂಡು, ಬರಿದಾದ ಬೆಳ್ಳಿಯನ್ನು ಮಗಳ ಕಡೆ ಚಾಚಿದರು. ಸಿಸ್ಟರ್ ಡ್ರಿಪ್ಪಿಗೆಂದು ಅದೇ ಎಡಗೈ ಹುಡುಕಿದಾಗ, “ಬಲಗೈಗೆ ಚುಚ್ಚಿ” ಎಂದಳು ಶಿವರಂಜನಿ. ಒಪ್ಪಿಗೆ ಪತ್ರದಲ್ಲಿ ಮೈಮೇಲೆ ಯಾವ ವಸ್ತುವೂ ಇಲ್ಲ ಎಂದು ಅಚ್ಚಾಗಿದ್ದ ಸಾಲನ್ನು ಹೊಡೆದುಹಾಕಿ, ಎಡಗೈಯಲ್ಲಿ ಇಷ್ಟಲಿಂಗವಿದೆ ಎಂದು ಬರೆದು ಸಹಿ ಹಾಕಿದಳು.

ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗಷ್ಟೇ ಮರಗಟ್ಟಿಸಿದ್ದರು. ಮುಕ್ಕಾಲು ಗಂಟೆಯಾದ ಮೇಲೆ ಸಿಸ್ಟರ್ ಥಿಯೇಟರಿನ ಬಾಗಿಲಿಂದ ತಲೆ ಹೊರಹಾಕಿದರು. “ಎಲ್ಲಾ ಸಲೀಸಾಯ್ತು. ನಿಮ್ಮಪ್ಪ ರೆಪ್ಪೆ ಮಿಟುಕಿಸ್ದೆ ಅಂಗೈ ನೋಡ್ತಾ ಮಲಗಿದ್ರು. ಪೂಜೆ ಹೊತ್ತು, ಸದ್ದು ಮಾಡ್ಬ್ಯಾಡಿ ಅಂತ ಡಾಕ್ಟರಿಗೇ ಗದರಿದ್ರು ಕಣ್ರೀ!”

ಮಧ್ಯಾಹ್ನ ವಾರ್ಡಿನಲ್ಲಿ ಸಿಸ್ಟರೇ ನೀರು ತಂದರು. “ಈಗ ಕುಡೀರಿ ತಾತ. ಚೆನ್ನಾಗಿ ಕುಡುದ್ರೇನೆ ಸಂಜೆ ಮನೆ.”

“ತಡೀ. ಬೆಳಗಿಂದ ಇವ್ನಿಗೇ ನೀರು ಬಿದ್ದಿಲ್ಲ.” ಪಾಲಾಕ್ಷಪ್ಪ ಎಡಗೈ ಬಿಡಿಸಿ ಲಿಂಗದ ಮೇಲೆ ಹನಿಹನಿಯಾಗಿ ನೀರು ಬಿಟ್ಟರು. ಅದು ಮೊಣಕೈವರೆಗೂ ಇಳಿಯಿತು.

“ಅಯ್ಯೋ, ಹಾಸಿಗೆಯೆಲ್ಲಾ ಒದ್ದೆ!”

“ಆಗಲಿ ಬಿಡಿ” ಎಂದು ಶಿವರಂಜನಿ ಲೋಟವನ್ನು ಮತ್ತೆ ತುಂಬಿದಳು.