ಶಂಕ್ರಮ್ಮನ ಹೆಬ್ಬೆರಳು

ಸುನಂದಾ ಎರಡು ವಾರ ಬರಲಿಲ್ಲ. ಕೀಲುಗಳು ಅತಿಯಾಗಿ ಬಾಗುವವರಿಗೆ ವ್ಯಾಯಾಮದಿಂದ ನೋವು ಕಡಿಮೆಯಾಗುತ್ತದೆಯೇ ಎಂಬುದು ಕಲಬುರಗಿಯ ನಮ್ಮ ಫಿಜಿಯೋಥೆರಪಿ ವಿಭಾಗದ ಅಧ್ಯಯನ. ಇನ್ನೊಮ್ಮೆ ತಪ್ಪಿದರೆ ಅವಳನ್ನು ಕೈಬಿಡಬೇಕಿತ್ತು. ಆಗಷ್ಟೇ ಅವಳ ಮಣಿಕಟ್ಟಿಗೆ ಬಲ ಬರತೊಡಗಿತ್ತು. ಫೋನ್ ಮಾಡಿದರೆ, ಮನೆಯಲ್ಲಿ ಬೇಡ ಅನ್ನುತ್ತಾರೆ ಎಂದಷ್ಟೇ ಹೇಳಿದಳು.

ಅವಳೂರಾದ ಕಮಲಾಪುರದ ಬಸ್ಸು ಹತ್ತಿದೆ. ಹೋದ ವರ್ಷ ಇದೇ ರಸ್ತೆಯ ತಿರುವೊಂದರಲ್ಲಿ ನನ್ನ ಗಂಡನ ಬೈಕಿಗೆ ಲಾರಿ ಬಡಿದಿತ್ತು; ಅವರು ಉಳಿಯಲಿಲ್ಲ. ಆ ತಿರುವು ದಾಟುವವರೆಗೆ ಟಿಕೇಟು ಮಡಚುತ್ತ ಕೂತೆ.

ಸುನಂದಾಳ ಅತ್ತೆ ಶಂಕ್ರಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಸುನಂದಾ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಬೇಯಿಸುತ್ತಿದ್ದಳು. ಎಕ್ಸರೇಯಲ್ಲಿ ಏನೂ ಇಲ್ಲ, ಹುಡುಗಿ ಗಟ್ಟಿಮುಟ್ಟಾಗಿದ್ದಾಳೆ, ವಾರವಾರ ಕಲಬುರಗಿಗೆ ಹೋಗುವುದು ಕೆಲಸ ತಪ್ಪಿಸಿಕೊಳ್ಳಲಿಕ್ಕೆ ಎಂದು ಶಂಕ್ರಮ್ಮ ಕೈ ನಿಲ್ಲಿಸದೆ ಹೇಳಿದಳು.

“ರೊಟ್ಟಿ ಬಡಿಯೂವಾಗಷ್ಟ ನೋಯ್ತದ ನೋಡ್ರಿ ಈಕಿ ಕೈ. ಮೊಬೈಲ್ ಹಿಡದ್ರ ನೋಯಂಗಿಲ್ಲ.”

“ಅದಕ್ಕೂ ನೋಯ್ತದ, ಆಯಿ,” ಎಂದಳು ಸುನಂದಾ.

ಅತ್ತೆಯನ್ನು ಅಜ್ಜಿಯಂತೆ ಆಯಿ ಅನ್ನುತ್ತೀಯಲ್ಲ ಎಂದೆ. ಉತ್ತರ ಶಂಕ್ರಮ್ಮನೇ ಕೊಟ್ಟಳು. “ಮಗಳ ಮಗಳ್ರೀ. ನಮ್ಮ ಮಹಾದೇವಗ, ಆಕಿ ಸ್ವಾದರಮಾವಗ, ತಂದ್ಕೊಂಡೀವಿ. ಹೊರಗಿನಾಕಿ ಆಗಿದ್ರ ಇಷ್ಟು ಬೈತಿದ್ದಿಲ್ಲ.”

ಇಂಥ ಸಡಿಲ ಕೀಲು ರಕ್ತಸಂಬಂಧದಲ್ಲಿ ಬರುತ್ತದೆ; ಬರೀ ಅತ್ತೆ ಎಂದುಕೊಂಡು ನಾನು ಅವಳ ಕೈಗಳನ್ನು ನೋಡಿಯೇ ಇರಲಿಲ್ಲ. ಕೈ ತೊಳೆದುಕೊಳ್ಳಲು ಹೇಳಿದೆ. ನನ್ನ ಹೆಬ್ಬೆರಳನ್ನು ಇನ್ನೊಂದು ಕೈಯಿಂದ ಮುಂಗೈ ಕಡೆ ಒತ್ತಿ ತೋರಿಸಿದೆ. ನನ್ನದು ಅರ್ಧಕ್ಕೇ ನಿಂತಿತು. ಶಂಕ್ರಮ್ಮನದು ಈ ವಯಸ್ಸಿಗೂ ಹೋಗಿ ಮುಂಗೈಗೆ ಅಂಟಿ ಮಲಗಿತು. ಸುನಂದಾಳದೂ ಹಾಗೆಯೇ. ಎಲ್ಲರ ಕೈಯೂ ಹೀಗೇ ಎಂದು ಶಂಕ್ರಮ್ಮ ತಿಳಿದಿದ್ದಳು.

ನೋಯುತ್ತದೆಯೇ ಎಂದು ಕೇಳಿದೆ.

“ರೊಟ್ಟಿ ಬಡದ್ರ ಯಾರ ಕೈ ನೋಯಂಗಿಲ್ಲರೀ?”

ಎಲ್ಲರದೂ ಹಾಗೆ ನೋಯುವುದಿಲ್ಲ, ಕೀಲು ಬಿಗಿಯಾಗಿದ್ದವರು ಎಷ್ಟು ಬಡಿದರೂ ರಾತ್ರಿ ಸುಮ್ಮನೆ ಮಲಗುತ್ತಾರೆ ಎಂದೆ. ಅವಳು ತನ್ನ ಕೈ ನೋಡಿಕೊಂಡಳು. ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ಸುನಂದಾ ತೆಗೆದಿಟ್ಟಳು.

ಆಮೇಲೆ ಶಂಕ್ರಮ್ಮ ನನ್ನ ಮನೆಯವರ ಬಗ್ಗೆ ಕೇಳಿದಳು. ಹೇಳಿದೆ. ಅವಳು ತಟ್ಟೆಗೆ ರೊಟ್ಟಿ, ಪುಂಡಿಪಲ್ಯ ಹಾಕಿ ನನ್ನ ಮುಂದಿಟ್ಟಳು. ಉಂಡೆ.

ಮುಂದಿನ ವಾರ ಸುನಂದಾ ಬಂದಳು, ಹಿಂದೆ ಶಂಕ್ರಮ್ಮನೂ. ಅಧ್ಯಯನದಲ್ಲಿ ಅವಳ ವಯಸ್ಸಿನವರಿಗೆ ಜಾಗವಿಲ್ಲ. ಆದರೂ ಅವಳಿಗೊಂದು ಸುತ್ತಿದ ಟವೆಲ್ ಕೊಟ್ಟು, ಮಣಿಕಟ್ಟು ನೆಟ್ಟಗಿಟ್ಟು ಹಿಚುಕಲು ಕಲಿಸಿದೆ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಹಿಚುಕಿದರು.

“ಇಷ್ಟು ನೋಯ್ತದಂತ ಹೇಳಬಾರದೇನ?” ಎಂದಳು ಶಂಕ್ರಮ್ಮ.

“ಹೇಳಿದ್ನಲ್ಲ, ಆಯಿ.”

ಶಂಕ್ರಮ್ಮ ಟವೆಲನ್ನು ಇನ್ನೊಂದು ಕೈಗೆ ತೆಗೆದುಕೊಂಡಳು.